ನಾಲ್ಕು ಚೌಕದ ಚಾಪೆಯ ದಿಗ್ವಿಜಯ

ಮೂರು ಪಿನ್ನಿನ ಪ್ಲಗ್ಗಿನಲ್ಲಿ ನಿತ್ಯವಾಸ ಮಾಡುವವಳೇ, ಮಳೆಯ ನಾಲ್ಕು ಹನಿ ನೆಲಕ್ಕೆ ಬಿದ್ದೊಡನೆ ಅಂತರ್ಧಾನಳಾಗುವ ಚಂಚಲಸ್ವಭಾವೆಯೇ, ಓ ವಿದ್ಯುದ್ದೇವತೆಯೇ, ಮೊದಲ ವಂದನೆ ನಿನಗೆ. ಈ ಕಥೆ ಮುಗಿಯುವವರೆಗಾದರೂ ಹೋಗಬೇಡ ತಾಯಿ. ಮನುಕುಲವೆಲ್ಲ ಅಂಗೈಯಗಲದ ಗಾಜಿನೊಳಗೆ ಮುಖವಿಟ್ಟು ಕತ್ತು ಬಗ್ಗಿಸಿಕೊಂಡು ಕುಳಿತಿದ್ದ ಈ ಘೋರ ಕಲಿಯುಗದಲ್ಲಿ, ಅರಸೀಕೆರೆಯೆಂಬ ಮಹಾಪಟ್ಟಣದಲ್ಲಿ, ದಿಕ್ಕುದಿಕ್ಕಿನ ರೈಲುಗಳು ಬಂದು ಉಸಿರು ಬಿಟ್ಟು ಹೋಗುವ ಜಂಕ್ಷನ್ನಿನ ಹಿಂದಿನ ಮೂರನೆಯ ಅಡ್ಡರಸ್ತೆಯಲ್ಲಿ, ರಕ್ತಹರಿತದೀಪಪರಿಪಾಲಕರೂ ಸಹಸ್ರಶಕಟಸ್ತಂಭನಸಮರ್ಥರೂ ಸೋಲ್ಡರಿಂಗ್‌ದಂಡಧಾರಿಗಳೂ ಆದ ಪಂಚಾಕ್ಷರಪ್ಪನವರೆಂಬ ಮಹಾವೀರರು ಬಾಳಿಕೊಂಡಿದ್ದರು. ಮೂವತ್ತಾರು ವರ್ಷ ರೈಲ್ವೆಯಲ್ಲಿ ಸಿಗ್ನಲ್ ಮೆಕ್ಯಾನಿಕ್ ಆಗಿದ್ದು ನಿವೃತ್ತರಾಗಿದ್ದರು ಅಂತ ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಆದರೆ ಹಾಗೆ ಹೇಳಿದರೆ ವೀರಗಾಥೆ ಹೇಗಾದೀತು, ನೀವೇ ಹೇಳಿ.

ಕೈಯೆತ್ತಿದರೆ ರೈಲು ನಿಲ್ಲುತ್ತಿದ್ದ ಆ ಮಹಾನುಭಾವರಿಗೆ ನಿವೃತ್ತಿಯ ನಂತರ ಉಳಿದ ಸಾಮ್ರಾಜ್ಯವೆಂದರೆ ಒಂದು ಕುರ್ಚಿ. ಕಬ್ಬಿಣದ ಚೌಕಟ್ಟಿಗೆ ನೀಲಿ ಪ್ಲಾಸ್ಟಿಕ್ ವೈರು ಹೆಣೆದ ಆ ಸಿಂಹಾಸನವು ಹಾಲ್‌ನ ಮೂಲೆಯಲ್ಲಿ, ಹೊಟ್ಟೆ ಮುಂದೆ ಬೆನ್ನು ಹಿಂದೆ ಎಂದು ಉಬ್ಬಿಕೊಂಡಿದ್ದ ಹಳೆಯ ಟಿವಿಯ ಎದುರಿಗಿತ್ತು. ಟಿವಿಯ ಕೆಳಗೆ, ತೊಂಬತ್ತರ ದಶಕದಲ್ಲಿ ಕೊಂಡು ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಸಾಕಿಕೊಂಡಿದ್ದ ಒಂದು ಟಿವಿ ಗೇಮು, ಕ್ಯಾಸೆಟ್ ತೂರಿಸಿ ಆಡುವಂಥದ್ದು, ಮಲಗಿತ್ತು. ಹೊಸ ಚಪ್ಪಟೆ ಟಿವಿಗಳ ಜೊತೆ ಅದಕ್ಕೆ ಕೂಡಿಬರುವುದಿಲ್ಲ. ಆದ್ದರಿಂದ ಟಿವಿ ಇದ್ದರೆ ಗೇಮು, ಗೇಮು ಇದ್ದರೆ ಕುರ್ಚಿ, ಕುರ್ಚಿ ಇದ್ದರೆ ಪಂಚಾಕ್ಷರಪ್ಪನವರು.

ಇನ್ನು ಪ್ರತಿಪಕ್ಷ. ನೂಪುರನಿನಾದಿನಿಯೂ ತಾಳಲೋಪಾಸಹಿಷ್ಣುವೂ ಆದ ಧರ್ಮಪತ್ನಿ ಶಾಂಭವಿಯವರು ಎಂಟನೆಯ ವಯಸ್ಸಿನಿಂದ ಭರತನಾಟ್ಯ ಆಡಿದವರು, ಇಪ್ಪತ್ತಾರು ವರ್ಷಗಳಿಂದ ಕಲಿಸುತ್ತಿರುವವರು. ಸಮುದಾಯ ಭವನದ ಚಾವಣಿ ಸೋರತೊಡಗಿದ ಮೇಲೆ ಅವರ ನೃತ್ಯದ ಕ್ಲಾಸು ಗೆಜ್ಜೆ ಕಟ್ಟಿಕೊಂಡು ಮನೆಯ ಹಾಲ್‌ಗೇ ಬಂದುಬಿಟ್ಟಿತು. ನಾಲ್ಕು ಹುಡುಗಿಯರಿದ್ದಾಗ ಲೋಕ ಸುಭಿಕ್ಷವಾಗಿತ್ತು. ಹನ್ನೊಂದಾದಾಗ ಯುದ್ಧ ಅನಿವಾರ್ಯವಾಯಿತು.

"ರೀ," ಎಂದರು ಶಾಂಭವಿ ಒಂದು ಸಂಜೆ, ಸೊಪ್ಪು ಬಿಡಿಸುತ್ತ. "ಆ ಹನ್ನೊಂದನೇ ಹುಡುಗಿ ಒಂದು ಕಾಲು ಹಾಲ್‌ನಲ್ಲಿ, ಇನ್ನೊಂದು ಕಾಲು ಅಡಿಗೆಮನೇಲಿ ಇಟ್ಕೊಂಡು ಕುಣೀತಿದೆ. ಆ ಡಬ್ಬ ಟಿವಿ ಗುಜರಿಗೆ ಹಾಕಿ ಅತ್ಲಾಗೆ. ಟಿವಿ ಹೋದ್ಮೇಲೆ ಕುರ್ಚಿ ಯಾಕೆ? ವರಾಂಡದಲ್ಲಿ ಸ್ಕೂಟರ್ ಪಕ್ಕ ಹಾಕ್ಕೊಳ್ಳಿ, ಗಾಳಿ ಚೆನ್ನಾಗಿ ಬರುತ್ತೆ."

ಪಂಚಾಕ್ಷರಪ್ಪನವರು ಟಿವಿಯ ಸದ್ದು ತಗ್ಗಿಸಿದರು. ಸ್ಕೂಟರ್ ಪಕ್ಕ! ಕೆಟ್ಟು ನಿಂತು ಆರು ವರ್ಷವಾದ ಸ್ಕೂಟರಿನ ಪಕ್ಕ! ಇಷ್ಟು ವರ್ಷ ದುಡಿದು ಬಂದ ಮನುಷ್ಯನಿಗೆ ತನ್ನ ಮನೆಯ ಹಾಲ್‌ನಲ್ಲಿ ಕೂರುವಷ್ಟು ಜಾಗವಿಲ್ಲವೆಂದರೆ ದುಃಖವಾಗದೆ ಇರುತ್ತದೆಯೇ? ಆಯಿತು. ಆದರೆ ದುಃಖವನ್ನು ದುಃಖದ ಹಾಗೆ ತೋರಿಸುವ ಅಭ್ಯಾಸ ಅವರಿಗಿರಲಿಲ್ಲ. ರೈಲ್ವೆ ನೌಕರರ ಪೌರಾಣಿಕ ನಾಟಕದಲ್ಲಿ ಹದಿನೇಳು ವರ್ಷ ಗದೆ ಹಿಡಿದವರಾದ್ದರಿಂದ, ಕಷ್ಟ ಬಂದಾಗಲೆಲ್ಲ ಅವರ ಬಾಯಿಗೆ ತಾನಾಗಿ ನಾಟಕದ ಮಾತೇ ಬರುತ್ತಿತ್ತು.

"ಎಲೌ ನಾಟ್ಯಸಾಮ್ರಾಜ್ಞಿ!" ಎಂದು ಅವರು ಕುರ್ಚಿಯಿಂದೆದ್ದು ಗರ್ಜಿಸಿದರು. "ಯಾವ ಯಂತ್ರವನ್ನು ನೀನು ಡಬ್ಬವೆಂದು ಜರೆದೆಯೋ, ಅದೇ ಯಂತ್ರದಲ್ಲಿ, ನಿನ್ನ ಶಿಷ್ಯಾಗಣಕ್ಕೆಲ್ಲ ಅಡವು ಕಲಿಸುವಂಥ ತಾಳಬದ್ಧ ನರ್ತನಕ್ರೀಡೆಯೊಂದನ್ನು ನಾನು ನಿರ್ಮಿಸದೆ ಹೋದರೆ, ಈ ಮೀಸೆ ಮೀಸೆಯಲ್ಲ! ಈ ಭುಜ ಭುಜವಲ್ಲ!"

"ಮೀಸೆ ಇರ್ಲಿ, ಅದೇನು ಜಾಗ ತಿನ್ನಲ್ಲ," ಎಂದರು ಶಾಂಭವಿ. "ಯುಗಾದಿ ಆದ ಮೊದಲನೇ ಭಾನುವಾರದವರೆಗೂ ಟೈಮ್ ಕೊಟ್ಟಿದೀನಿ. ನಾನೇ ಕುಣೀತೀನಿ. ನಾನಂತೂ ತಪ್ಪು ಹಾಕೋಳಲ್ಲ. ನಿಮ್ಮ ಮಿಷನ್ನು ಒಂದೇ ಒಂದು ತಪ್ಪೂ ತೋರಿಸ್ದೆ ಪೂರ್ತಿ ನಡೀತೋ, ಟಿವಿನೂ ಇರ್ಲಿ, ಕುರ್ಚಿನೂ ಇರ್ಲಿ. ತೋರಿಸ್ತೋ, ಸೋಮವಾರ ಬೆಳಿಗ್ಗೆ ಗುಜರಿಯವನು ಬರ್ತಾನೆ. ಸರಿನಾ?"

"ತಥಾಸ್ತು!" ಎಂದರು ವೀರರು. ಆಮೇಲೆ, "ಕಾಫಿ ಆಯ್ತಾ?" ಎಂದೂ ಕೇಳಿದರು.

ಆ ಮೇಲಿನ ಮೂರು ತಿಂಗಳ ಮಧ್ಯಾಹ್ನಗಳಲ್ಲಿ ಊಟದ ಮೇಜಿನ ಮೇಲೆ ನಡೆದ ತಪಸ್ಸನ್ನು ವರ್ಣಿಸಲು ಸಾವಿರ ನಾಲಿಗೆಯೂ ಸಾಲದು, ನನಗಿರುವುದು ಒಂದು. ಆ ಪುರಾತನ ಯಂತ್ರದ ಹೊಟ್ಟೆ ಬಹಳ ಚಿಕ್ಕದು. ದಿನಬೆಳಗಾದರೆ ಮೊಬೈಲಿಗೆ ಬಂದು ಬೀಳುವ ಗುಡ್ ಮಾರ್ನಿಂಗ್ ಗುಲಾಬಿಯ ಚಿತ್ರವೊಂದಕ್ಕೂ ಸಾಲದಷ್ಟು ಜಾಗದಲ್ಲಿ ನಮ್ಮ ವೀರರು ಒಂದು ಹಾಡು, ಒಬ್ಬ ನರ್ತಕಿ, ಇನ್ನೂರ ಹನ್ನೆರಡು ಹೆಜ್ಜೆ, ಎಲ್ಲವನ್ನೂ ತುರುಕಬೇಕಾಗಿತ್ತು. ಚುಕ್ಕಿ ಚುಕ್ಕಿ ಜೋಡಿಸಿ ನರ್ತಕಿಯನ್ನು ಬಿಡಿಸಿದರು. ಎರಡು ಕೈಗೆ ಚುಕ್ಕಿ ಸಾಲದೆ ಒಂದೇ ಕೈ ಮೇಲೆತ್ತಿಸಿದರು. ನೀರು ಕುಡಿಯಲು ಬಂದ ಶಾಂಭವಿಯವರು ಬಗ್ಗಿ ನೋಡಿ, "ಯಾಕ್ರೀ ಕೊಡೆ ಹಿಡ್ಕೊಂಡವಳೆ?" ಎಂದು ಕೇಳಿದರು. ಅದು ಕೊಡೆಯಲ್ಲ, ಹಸ್ತಮುದ್ರೆ ಎಂದು ವೀರರು ವಿವರಿಸಿದರು. ಹಾಡಿನ ಗತಿಯೂ ಇಷ್ಟೇ. "ತೈಯಾ ತೈ" ಎಂಬ ಸೊಲ್ಲು ಆ ಯಂತ್ರದ ಗಂಟಲಿಗೆ ಹೋಗಿ "ಪೀಂಯಾ ಪೀಂ" ಎಂದು ಹೊರಬರುತ್ತಿತ್ತು.

ಚಾಪೆಯದ್ದೇ ಬೇರೊಂದು ಪರ್ವ. ಯಾವುದೋ ಪುಢಾರಿಯ ಹುಟ್ಟುಹಬ್ಬಕ್ಕೆ ಶುಭ ಕೋರಿ ರೈಲ್ವೆ ಗೇಟಿನ ಬಳಿ ಕಟ್ಟಿದ್ದ ಫ್ಲೆಕ್ಸು ಗಾಳಿಗೆ ಹರಿದು ಚರಂಡಿಗೆ ಬಿದ್ದಿತ್ತು. ಅದನ್ನು ತಂದು, ತೊಳೆದು, ಕೈಮುಗಿದುಕೊಂಡಿದ್ದ ನಲವತ್ತು ಮಂದಿ ಅಭಿಮಾನಿಗಳ ಮುಖ ಕೆಳಗೆ ಬರುವಂತೆ ಮಗುಚಿ, ಒಳಗೆ ಸ್ಪಂಜು, ಸ್ಪಂಜಿನ ಎರಡೂ ಬದಿಗೆ ಚಪಾತಿ ಸುತ್ತುವ ಬೆಳ್ಳಿಕಾಗದ, ಬೆಳ್ಳಿಕಾಗದಕ್ಕೆ ವೈರು ಎಂದು ಹೊಲಿದು, ಮೇಲೆ ಹಿಂದೆ ಮುಂದೆ ಎಡ ಬಲ ಎಂದು ನಾಲ್ಕು ಬಣ್ಣದ ಚೌಕ ಬಳಿದು, ನಿಲ್ಲಲು ನಡುವೆ ಖಾಲಿ ಬಿಟ್ಟರು. ಟಿವಿಯಲ್ಲಿ ಯಾವ ಚೌಕ ಹಸಿರಾಗುತ್ತದೋ ಚಾಪೆಯ ಮೇಲೆ ಆ ಚೌಕವನ್ನು ಮೆಟ್ಟಬೇಕು. ಮೆಟ್ಟಿದರೆ ಪೀಂ. ಇಷ್ಟೇ ಆಟ.

ಆದರೆ ಮೂವತ್ತಾರು ವರ್ಷ ಪಾಲಿಸಿದ ಧರ್ಮವೊಂದಿತ್ತು, ಅದನ್ನು ಅವರು ಚಾಪೆಯ ಚೌಕಗಳನ್ನೇ ಹಳಿಯೆಂದೆಣಿಸಿ ಈ ಆಟದೊಳಗೂ ಬರೆದಿದ್ದರು. ಹಸಿರು ಬೀಳುವ ಮೊದಲು ಹಳಿಯ ಮೇಲೆ ಏನೇ ಇರಲಿ, ರೈಲಿರಲಿ, ಎಮ್ಮೆಯಿರಲಿ, ಎಲ್ಲ ದೀಪವೂ ಕೆಂಪಾಗಬೇಕು. ಯಾಕೆ, ಏನು ಎಂದು ಕೇಳುವ ಮಾತೇ ಇಲ್ಲ. ಮೊದಲು ನಿಲ್ಲಿಸು, ಆಮೇಲೆ ವಿಚಾರಿಸು. ಆ ನಿಯಮದಿಂದ ಅರಸೀಕೆರೆಯಲ್ಲಿ ಎಷ್ಟೋ ಜೀವ ಉಳಿದಿದೆ ಎಂದು ಅವರು ನಂಬಿದ್ದರು. ಗಡುವಿಗೆ ಎರಡು ದಿನ ಮೊದಲು, ಶುಕ್ರವಾರ, ಎಲ್ಲವನ್ನೂ ಎಲೆಕ್ಟ್ರಾನಿಕ್ ಚಿಪ್ಪಿಗೆ ಇಳಿಸಿ, ಹಳೆಯ ಕ್ಯಾಸೆಟ್ಟಿನೊಳಗೆ ಬೆಸೆದುಬಿಟ್ಟರು. ಮತ್ತೆ ಅಳಿಸಬೇಕೆಂದರೆ ಆ ಚಿಪ್ಪನ್ನು ತಾರಸಿಯ ಮೇಲೆ ಸಂಡಿಗೆಯ ಜೊತೆ ವಾರಗಟ್ಟಲೆ ಬಿಸಿಲಿಗೆ ಇಡಬೇಕು.

ಭಾನುವಾರ ಸಂಜೆ ನಾಲ್ಕಕ್ಕೆ ರಣರಂಗ ಸಿದ್ಧವಾಯಿತು. ಹನ್ನೊಂದು ಹುಡುಗಿಯರು ಗೋಡೆಗೊರಗಿ ಸಾಲಾಗಿ ಕುಳಿತರು. ವೀರರು ಟಿವಿಯ ಕಿವಿ ತಿರುವಿದರು. ಪರದೆಯಲ್ಲಿ ಕೊಡೆಯವಳು ಮೂಡಿ, ತಲೆಯ ಮೇಲೆ "ಸಿದ್ಧರೇ?" ಎಂಬ ಅಕ್ಷರ ಬಂತು. ಶಾಂಭವಿಯವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೆಜ್ಜೆಯನ್ನು ಕಣ್ಣಿಗೊತ್ತಿ ಕಟ್ಟಿಕೊಂಡು, ಚಾಪೆಯ ನಡುವೆ ನಿಂತು, ಪ್ರತಿದಿನ ಮಾಡುವಂತೆ ಎರಡು ಹೆಜ್ಜೆ ತಟ್ಟಿ, ಕುಳಿತು, ಎರಡೂ ಅಂಗೈಯಿಂದ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಕೂಡಲೇ ಪರದೆಯೆಲ್ಲ ಕೆಂಪು! ಗೂಡ್ಸ್ ಗಾಡಿಗೆ ಗಂಟಲು ಕಟ್ಟಿದಂಥ ಒಂದು ಕೂಗು! "ತಪ್ಪು. ಮಾರ್ಗ ಖಾಲಿ ಇಲ್ಲ. ಆಟ ಬಂದ್."

"ಮಿಸ್, ತಪ್ಪು ಅಂತ ಬಂತು!" ಎಂದು ಹುಡುಗಿಯೊಬ್ಬಳು ಕಿರುಚಿದಳು.

"ನಾನಿನ್ನೂ ಶುರುನೇ ಮಾಡಿಲ್ಲ, ಇದು ಲೆಕ್ಕಕ್ಕಿಲ್ಲ," ಎಂದು ಶಾಂಭವಿಯವರು ದೊಡ್ಡ ಮನಸ್ಸು ಮಾಡಿದರು. ವೀರರು ಆಟವನ್ನು ಮೊದಲಿನಿಂದ ಹಚ್ಚಿದರು. ಶಾಂಭವಿಯವರು ಬಗ್ಗಿ ನೆಲ ಮುಟ್ಟಿದರು. ಮತ್ತೆ ಕೆಂಪು, ಮತ್ತೆ ಕೂಗು.

"ನೋಡು ಶಾಂಭವಿ, ಒಂದೇ ಒಂದ್ಸಲ ಆ ನಮಸ್ಕಾರ ಬಿಟ್ಬಿಡು."

"ಬಿಡೋದಾ?" ಶಾಂಭವಿಯವರ ಕಣ್ಣು ದೊಡ್ಡದಾಯಿತು. "ಇಷ್ಟು ಹೊತ್ತು ಭೂಮಿತಾಯಿನ ಧಪಧಪ ಅಂತ ತುಳೀತೀನಿ, ಕ್ಷಮೆ ಕೇಳ್ದೆ ಕಾಲಿಡೋದಾ? ಐವತ್ತು ವರ್ಷದಲ್ಲಿ ಒಂದಿನ ಬಿಟ್ಟಿಲ್ಲ ಕಣ್ರೀ."

"ಹಾಗಾದ್ರೆ ಪಕ್ಕದಲ್ಲಿ, ಬರೀ ನೆಲಕ್ಕೆ ಮಾಡು."

"ಕುಣಿಯೋದು ಇಲ್ಲಿ, ಕ್ಷಮೆ ಕೇಳೋದು ಅಲ್ಲಿನಾ? ಎದುರುಮನೆಯವರ ಕಾಲು ತುಳಿದು ನಿಮಗೆ ಸಾರಿ ಹೇಳ್ದಂಗಾಯ್ತು!"

ವೀರರು ನಾಟಕಕ್ಕೆ ಜಿಗಿದರು. "ಕೇಳೆಲೌ ಮಾನಿನಿ! ಹಸಿರಿನ ಅನುಜ್ಞೆಯಿಲ್ಲದೆ ಮಾರ್ಗವನ್ನು ಪ್ರವೇಶಿಸಿದವರು ದೇವೇಂದ್ರನೇ ಆಗಲಿ, ದಿಕ್ಪಾಲಕರೇ ಆಗಲಿ, ಅವರ ಗತಿಯನ್ನು ತಡೆದು ನಿಲ್ಲಿಸುವುದೇ ನನ್ನ ಕುಲಧರ್ಮ!"

"ನಾನೇನು ಗೂಡ್ಸ್ ಗಾಡಿನಾ?" ಎಂದರು ಶಾಂಭವಿ.

ಹನ್ನೊಂದು ಹುಡುಗಿಯರೂ ಬಾಯಿಗೆ ಲಂಗ ತುರುಕಿಕೊಂಡು ನಕ್ಕರು. ವೀರರು ನಗಲಿಲ್ಲ. ಅವರು ಕುರ್ಚಿಯ ಕಡೆ ಒಮ್ಮೆ ನೋಡಿದರು, ವರಾಂಡದ ಸ್ಕೂಟರಿನ ಕಡೆ ಒಮ್ಮೆ ನೋಡಿದರು. ಆ ನೋಟ ಶಾಂಭವಿಯವರಿಗೆ ಕಾಣಿಸಿತು. ಅವರು ಸೊಂಟದ ಮೇಲಿನ ಕೈ ತೆಗೆದರು.

"ರೀ, ಇಲ್ಕೇಳಿ. ಮೊದ್ಲು ಸ್ವಿಚ್ ಆಫ್ ಮಾಡಿ. ನಾನು ನಮಸ್ಕಾರ ಮಾಡ್ಕೊಂಡು ಚಾಪೆಯಿಂದ ಪಕ್ಕಕ್ಕೆ ಬರ್ತೀನಿ. ಆಮೇಲೆ ಆನ್ ಮಾಡಿ."

ಮೂರು ತಿಂಗಳ ತಪಸ್ಸಿನಲ್ಲಿ ಈ ಮಾತು ಅವರಿಗೆ ಹೊಳೆದೇ ಇರಲಿಲ್ಲ. ಹೊಳೆಯುವುದಾದರೂ ಹೇಗೆ? ಸಿಗ್ನಲ್ಲನ್ನು ಆರಿಸುವುದೆಂದರೆ ಅವರ ವಂಶಾವಳಿಯಲ್ಲೇ ಮಹಾಪಾತಕ. ಆದರೂ ಆರಿಸಿದರು. ನಮಸ್ಕಾರವಾಯಿತು. ಹಚ್ಚಿದರು. ಪರದೆ ಹಸಿರಾಯಿತು.

ಆಗ ಶಾಂಭವಿಯವರು ಕುಣಿದರು. ಪೀಂಯಾ ಪೀಂ, ಪೀಂಯಾ ಪೀಂ. ಕೊಡೆಯವಳು ಪರದೆಯಲ್ಲಿ ಕುಂಟುತ್ತಿದ್ದಳು, ಚಾಪೆಯೊಳಗೆ ಬೆಳ್ಳಿಕಾಗದ ಚರಚರ ಎನ್ನುತ್ತಿತ್ತು, ಕೆಳಗೆ ನಲವತ್ತು ಅಭಿಮಾನಿಗಳು ಕೈಮುಗಿದುಕೊಂಡೇ ತುಳಿಸಿಕೊಳ್ಳುತ್ತಿದ್ದರು. ಇವೆಲ್ಲದರ ಮೇಲೆ ಐವತ್ತೆಂಟರ ಹೆಂಗಸು ಹಗುರಾಗಿ, ಬೆನ್ನು ನೆಟ್ಟಗೆ, ಒಂದು ಕೂದಲೆಳೆಯಷ್ಟೂ ತಾಳ ತಪ್ಪದೆ ಹೆಜ್ಜೆ ಹಾಕುತ್ತಿದ್ದರು. ಪಂಚಾಕ್ಷರಪ್ಪನವರು ಸ್ವಲ್ಪ ಹೊತ್ತು ಪರದೆ ನೋಡಿದರು. ಆಮೇಲೆ ಪರದೆಯನ್ನು ಮರೆತರು. ಸರ್ವಿಸಿನಲ್ಲಿದ್ದಾಗ ಕ್ಲಾಸಿನ ಹೊತ್ತಿಗೆಲ್ಲ ಅವರು ಡ್ಯೂಟಿಯ ಮೇಲೆ ಇರುತ್ತಿದ್ದರು, ನಿವೃತ್ತರಾದ ಮೇಲೆ ಕಣ್ಣು ಟಿವಿಯ ಮೇಲೆ ಇರುತ್ತಿತ್ತು; ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಹೆಂಡತಿ ಒಂದು ಹಾಡು ಪೂರ್ತಿ ಕುಣಿದದ್ದನ್ನು ಅವರು ನೋಡಿರಲೇ ಇಲ್ಲ. ಎಂಥಾ ದಡ್ಡ ನಾನು ಎಂದು ಅವರಿಗೆ ನಾಚಿಕೆಯಾಯಿತು. ತಾವು ಕುರ್ಚಿಯಿಂದ ಎದ್ದು ನಿಂತಿರುವುದೂ ಅವರಿಗೆ ಗೊತ್ತಿರಲಿಲ್ಲ.

ಇನ್ನೂರ ಹನ್ನೆರಡನೆಯ ಹೆಜ್ಜೆ ಬಿತ್ತು. ತಪ್ಪು ಸೊನ್ನೆ! ಹುಡುಗಿಯರು ಚಪ್ಪಾಳೆ ತಟ್ಟಿದರು. ವೀರರು ಗೆದ್ದರು. ಟಿವಿ ಉಳಿಯಿತು, ಕುರ್ಚಿ ಉಳಿಯಿತು ಎಂದು ದೇವತೆಗಳು ಹೂಮಳೆ ಸುರಿಸಲು ಬುಟ್ಟಿಗೆ ಕೈ ಹಾಕುವಷ್ಟರಲ್ಲಿ, ಶಾಂಭವಿಯವರು ಐವತ್ತು ವರ್ಷ ಮಾಡಿದಂತೆಯೇ, ಕುಣಿತ ಮುಗಿಸಿದವರು ಮಾಡಲೇಬೇಕಾದಂತೆಯೇ, ಬಗ್ಗಿ ಎರಡೂ ಅಂಗೈಯಿಂದ ಚಾಪೆ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಕೆಂಪು. "ತಪ್ಪು ೧. ಮಾರ್ಗ ಖಾಲಿ ಇಲ್ಲ."

ಶಾಂಭವಿಯವರು, "ಅಯ್ಯೋ," ಎಂದರು. "ಇದು ಮಿಷನ್ ತಪ್ಪು ಕಣ್ರೀ, ಬಿಡಿ."

"ಮಿಷನ್ ತಪ್ಪಲ್ಲ," ಎಂದರು ಪಂಚಾಕ್ಷರಪ್ಪನವರು. ಈ ಸಲ ನಾಟಕದ ಮಾತು ಬರಲಿಲ್ಲ. "ಕೊನೇ ಗಾಡಿ ಹೋದ್ಮೇಲೆ ಹಳಿ ಖಾಲಿ ಇರ್ಬೇಕು ಅಂತ ನಾನೇ ಬರ್ದಿದ್ದು. ಮಾತು ಅಂದ್ರೆ ಮಾತು. ನಾಳೆ ಗುಜರಿಯವನು ಬರ್ಲಿ."

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಗುಜರಿಯವನು ತಳ್ಳುಗಾಡಿಯೊಂದಿಗೆ ಪ್ರತ್ಯಕ್ಷನಾದನು. ಒಳಗೆ ಬಂದು, ಯುಗಯುಗಗಳ ವೈಭವವನ್ನು ಕಂಡ ಆ ಟಿವಿಯ ಬೆನ್ನಿಗೆ ಎರಡು ಸಲ ತಟ್ಟಿ, ಮೂಗು ಮುರಿದನು.

"ಅಮ್ಮಾ, ಈ ಡಬ್ಬ ಟಿವಿ ಈಗ ಯಾರೂ ತಗಳಲ್ಲ. ಸುಮ್ನೆ ಕೊಟ್ರೂ ಬ್ಯಾಡ. ಟ್ಯೂಬ್ ಒಡೆದ್ರೆ ನಮಗೇ ತಲೆನೋವು." ಹೊರಡಲು ತಿರುಗಿದವನ ಕಣ್ಣು ಮೂಲೆಗೆ ಬಿತ್ತು. "ಆ ಕುರ್ಚಿ ಕೊಡ್ತೀರಾ? ಒಳ್ಳೆ ಕಬ್ಬಿಣ ಐತೆ."

ಮೂರು ತಿಂಗಳ ಮಹಾಸಮರ, ಇನ್ನೂರ ಹನ್ನೆರಡು ಹೆಜ್ಜೆ, ಶಪಥ, ಗರ್ಜನೆ ಎಲ್ಲವೂ ಯಾರೂ ಒಯ್ಯದ ಒಂದು ಡಬ್ಬಕ್ಕಾಗಿ! ಶಾಂಭವಿಯವರು, "ಇಲ್ಲಪ್ಪ, ಅದು ಅವರದ್ದು," ಎನ್ನುವುದರೊಳಗೆ ಪಂಚಾಕ್ಷರಪ್ಪನವರು ತಾವೇ ಕುರ್ಚಿಯನ್ನೆತ್ತಿ ಬಾಗಿಲಿಗೆ ತಂದಿಟ್ಟರು.

"ತಗೊಂಡು ಹೋಗಪ್ಪ. ಆ ಹನ್ನೊಂದನೇ ಮಗು ಎರಡೂ ಕಾಲು ಹಾಲ್‌ನಲ್ಲಿ ಇಟ್ಕೊಳ್ಲಿ."

ಸಿಂಹಾಸನವು ನಾಲ್ಕೂ ಕಾಲು ಆಕಾಶಕ್ಕೆ ಮಾಡಿಕೊಂಡು ತಳ್ಳುಗಾಡಿಯಲ್ಲಿ ಹೊರಟಿತು. ರಸ್ತೆಯ ತಿರುವಿನವರೆಗೂ ಅದರ ನೀಲಿ ವೈರು ಕಾಣುತ್ತಿತ್ತು.

ಸಂಜೆ ಕ್ಲಾಸಿನ ಹೊತ್ತಿಗೆ ಪಂಚಾಕ್ಷರಪ್ಪನವರು ಪೇಪರು ಹಿಡಿದು ವರಾಂಡದ ಕಡೆ ನಡೆದರು. "ಎಲ್ಲಿಗ್ರೀ?" ಎಂದರು ಶಾಂಭವಿ. ಬೇಗ ಬಂದ ಹುಡುಗಿಯರು ಆಡಿ ಬಿಟ್ಟಿದ್ದ ಚಾಪೆಯನ್ನು ಅವರು ಎರಡು ಮಡಿಕೆ ಮಾಡಿ ಟಿವಿಯ ಪಕ್ಕ ಹಾಸಿದರು. ಅದರ ಮುಂದೆ ತಾಳ ಹಾಕುವ ಮಣೆಯನ್ನೂ ಕೋಲನ್ನೂ ಇಟ್ಟರು. "ಇಲ್ಲಿ ಕೂತ್ಕೊಳ್ಳಿ. ತಾಳ ಹಾಕೋಕೆ ಒಬ್ರು ಬೇಕಿತ್ತು ನಂಗೆ. ನಿಮ್ಮ ಮಿಷನ್ನು ಬೇರೇನೇ ಮಾಡ್ಲಿ, ಲಯ ಮಾತ್ರ ಒಂಚೂರೂ ಜಾರಲಿಲ್ಲ."

ಪಂಚಾಕ್ಷರಪ್ಪನವರು ಗೋಡೆ ಹಿಡಿದುಕೊಂಡು, ಮೊಣಕಾಲು ಲಟಕ್ಕೆನ್ನಿಸಿಕೊಂಡು, ತಮ್ಮ ಚಾಪೆಯ ಮೇಲೆ ಕುಳಿತರು. ಟಿವಿಯನ್ನು ಯಾರೂ ಆರಿಸಿರಲಿಲ್ಲ. ಪರದೆ ಕೆಂಪಗಾಗಿ ಕೂಗಿತು: "ಮಾರ್ಗ ಖಾಲಿ ಇಲ್ಲ."

ಅವರು ಕೈ ಚಾಚಿ ಸ್ವಿಚ್ ಆರಿಸಿ, ಕೋಲು ಎತ್ತಿಕೊಂಡರು.