ಬೀಗಿತ್ತಿಯನ್ನು ಮುಂಚಿತವಾಗಿ ವಿಡಿಯೊದಲ್ಲಿ ಕಳಿಸಿಕೊಡುವ ಬಗ್ಗೆ

ಪಾರ್ಕ್ ಸ್ಟ್ರೀಟಿನ ಕೊರಿಯನ್ ಕಲಿಕಾ ಕೇಂದ್ರದ ಮುಖ್ಯಸ್ಥರ ಸನ್ನಿಧಿಗೆ ಸಾಲ್ಟ್ ಲೇಕಿನ ವಿಶಾಲಾಕ್ಷಿ ಮಾಡುವ ನಮಸ್ಕಾರಗಳು. ತಮಗೆ ಕನ್ನಡ ಬಾರದೆಂಬ ಒಂದೇ ಧೈರ್ಯದಿಂದ ಇದನ್ನು ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಹಿರಂಗವಾಗಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಾನ್ಯರೇ, ನನ್ನ ಮಗಳು ಇಂಚರ ಕೊರಿಯಾದ ಹುಡುಗನನ್ನು ಮೆಚ್ಚಿದ್ದಾಳೆ. ಅವನ ತಾಯಿ ಭಾನುವಾರ ನಮ್ಮನ್ನು ನೋಡಲು ಬರುತ್ತಾರೆ, ಅವರಿಗೆ ಕೊರಿಯನ್ ಬಿಟ್ಟು ಬೇರೇನೂ ಬಾರದು. ಇವಳು ತಿಂಡಿ ತಿನ್ನದೆ ಓಡುತ್ತಾಳೆ, ಕೋಪ ಬಂದರೆ ಮಾತು ಬಿಡುತ್ತಾಳೆ, ಸ್ವಲ್ಪ ನೋಡಿಕೊಳ್ಳಿ ಎಂದು ತಾಯಿಯಾದವಳೇ ಹೇಳಬೇಕಲ್ಲವೇ. ಮಗಳ ಮೇಲಿನ ದೂರನ್ನು ಕೊರಿಯನ್ ಬಲ್ಲ ಆ ಮಗಳ ಬಾಯಿಂದಲೇ ಹೇಳಿಸುವುದು ಹೇಗೆ ಎಂದು ಹೆದರಿ ತಮ್ಮಲ್ಲಿ ಸೇರಿದೆ.

ತಮ್ಮಲ್ಲಿ ಎಲ್ಲವೂ ತಿರುಗುಮುರುಗು. ಪಾಠ ಮನೆಯಲ್ಲಿ, ವಿಡಿಯೊದಲ್ಲಿ. ತರಗತಿಗೆ ಬರುವುದು ಬರೀ ಮಾತಾಡಲಿಕ್ಕೆ. ಎಂಥ ಉದಾರ ಪದ್ಧತಿ. ಏಳನೆಯ ತರಗತಿಯ ನಡುವೆಯೇ ಶಾಲೆ ಬಿಟ್ಟ ನನಗೆ ಪಾಠವೆಂದರೆ ನಕಲು ಬರೆಯುವುದು ಎಂದಷ್ಟೇ ಗೊತ್ತಿದ್ದುದರಿಂದ, ವಿಡಿಯೊವನ್ನು ಪದಪದಕ್ಕೂ ನಿಲ್ಲಿಸಿ, ಮಾರ್ಜಿನ್ ಎಳೆದು, ಕನ್ನಡ ಅಕ್ಷರದಲ್ಲಿ ಮೂರು ನೋಟ್‌ಬುಕ್ ತುಂಬಿಸಿದೆ. ಬಾಯಿ ತೆರೆಯಲು ಪುರುಸೊತ್ತಾಗಲಿಲ್ಲ. ಅವನ್ನು ತಿದ್ದಿಸಲು ತಂದರೆ ತಮ್ಮ ಬಂಗಾಳಿ ಶಿಕ್ಷಕ ಮಿಹಿರ್, "ಮಾಶಿಮಾ, ಇದನ್ನೆಲ್ಲ ಮಡಚಿಡಿ, ನಾನೇ ನಿಮ್ಮ ಬೀಗಿತ್ತಿ ಅಂದ್ಕೊಂಡು ಮಾತಾಡಿ" ಎಂದರು. ಮೀಸೆಯ ಬೀಗಿತ್ತಿಯ ಮುಂದೆ ನಾನು ಎದ್ದು ನಿಂತು "ಹಾಜರ್ ಸಾರ್" ಎಂದೆ.

ತಮ್ಮ ವಿಡಿಯೊದ ಟೀಚರಮ್ಮ ಎಷ್ಟು ಸಲ ನಿಲ್ಲಿಸಿದರೂ ಮುಖ ಸಿಂಡರಿಸುವುದಿಲ್ಲ. ಆದ್ದರಿಂದ ದಯವಿಟ್ಟು ಬೀಗಿತ್ತಿಯನ್ನೂ ಮೂರು ದಿನ ಮುಂಚೆ ವಿಡಿಯೊದಲ್ಲಿ ಕಳಿಸಿಕೊಡಿ. ಕೇಳುವುದನ್ನೆಲ್ಲ ಅದರಲ್ಲೇ ಕೇಳಿಬಿಡಲಿ. ಆಗದಿದ್ದರೆ ಭಾನುವಾರ ಅವರ ಕೊರಳಿಗೆ ನಿಲ್ಲಿಸುವ ಗುಂಡಿಯೊಂದನ್ನಾದರೂ ತೂಗುಹಾಕಿಸಿ. ಅದೂ ಕಷ್ಟವಾದರೆ ಇಡೀ ಭೇಟಿಯನ್ನು ಲಿಖಿತ ಪರೀಕ್ಷೆಯಾಗಿ ಮಾಡಿ. ಮೇಲ್ವಿಚಾರಣೆಗೆ ಮಿಹಿರ್ ಬಂದರೆ ಊಟಕ್ಕೂ ನಿಲ್ಲಬಹುದು.

ಉತ್ತರದ ಹಾದಿ ಕಾಯುತ್ತ ಊಟ ಸೇರದ,
ತಮ್ಮ ವಿಶ್ವಾಸಿ
ವಿಶಾಲಾಕ್ಷಿ

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ಬೀಗಿತ್ತಿಯ ಫೋನ್ ಬಂತು. ನಾನು ನಮಸ್ಕಾರದ ಪುಟ ಹುಡುಕುತ್ತಿರುವಾಗ ನಮ್ಮ ಮನೆಗೆಲಸದ ಬಂಗಾಳಿ ಹೆಂಗಸು ಕೋಕಿಲಾ ಫೋನ್ ಎತ್ತಿ, ನೆಲ ಒರೆಸುತ್ತ ದಿನಾ ಕಿವಿಗೆ ಬಿದ್ದ ತಮ್ಮ ವಿಡಿಯೊ ಪಾಠದಲ್ಲೇ ಹತ್ತು ನಿಮಿಷ ನಗುನಗುತ್ತ ಮಾತಾಡಿದಳು. ಪದ್ಧತಿ ಫಲಿಸಿದೆ, ಅಭಿನಂದನೆಗಳು. "ಬೌದಿ, ಅವರು ನನ್ನನ್ನೇ ಹುಡುಗಿ ತಾಯಿ ಅಂದ್ಕೊಂಡ್ರು, ಪಾಪ, ಖುಷಿಯಾಗಿದ್ರು, ನಾನೂ ಸುಮ್ಮನಾದೆ" ಎನ್ನುತ್ತಾಳೆ. "ತಾಯಿ ನಾನು" ಎಂಬ ವಾಕ್ಯ ಎಷ್ಟನೆಯ ವಿಡಿಯೊದಲ್ಲಿದೆ ಎಂದು ಭಾನುವಾರದೊಳಗೆ ತಿಳಿಸಿ. ಈ ಸಲ ಬರೆದುಕೊಳ್ಳುವುದಿಲ್ಲ.