ಷಡ್ಡಕರ ಮನೆಗೆ ತಂತಿಯಿಲ್ಲದ ನೆಟ್ಟು

ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿ, ಫ್ಯಾನನ್ನೂ ಆರಿಸಿ, ಬನಿಯನ್ ಹಿಂಡಿದರೆ ಒಂದು ಚೊಂಬು ನೀರು ಬರುವಷ್ಟು ಬೆವರುತ್ತ ಕುಳಿತುಕೊಳ್ಳುವ ಮನುಷ್ಯರು ಈ ಊರಿನಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಷಡ್ಡಕರು. ಕಾರಣ ಕೇಳುತ್ತೀರಾ? ವೈಫೈ ಸೋರಿಹೋಗಬಾರದು!

ನಗಬೇಡಿ. ಮೊದಲ ದಿನ ನಾನೂ ನಕ್ಕಿದ್ದೆ. ಆಮೇಲೆ ಅದೇ ಮನೆಯೊಳಗೆ ಎರಡು ಗಂಟೆ ಕುಳಿತು ಬೆಂದು ಹೊರಗೆ ಬಂದೆ.

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಈ ಸಂಬಂಧವನ್ನು ಯಾರೂ ನೋಡಿ, ಕೇಳಿ, ಒಪ್ಪಿ ಮಾಡಿಕೊಳ್ಳುವುದಿಲ್ಲ. ಮದುವೆಯ ಜೊತೆಗೆ ತಾನಾಗಿ ಬರುತ್ತದೆ. ಇವರು ಮೂವತ್ತು ವರ್ಷ ಬಂದರಿನ ಹತ್ತಿರ, ಮೀನುಗಾರಿಕೆಯ ದೋಣಿಗಳಿಗೆ ಮಂಜುಗಡ್ಡೆ ತಯಾರಿಸುವ ಐಸ್ ಪ್ಲಾಂಟಿನಲ್ಲಿ ಮ್ಯಾನೇಜರ್ ಆಗಿದ್ದವರು. ತಂಪು ಎನ್ನುವುದು ಕಣ್ಣಿಗೆ ಕಾಣದ ವಸ್ತು, ಸ್ವಲ್ಪ ಸಂದಿ ಸಿಕ್ಕಿದರೂ ಓಡಿಹೋಗುವ ವಸ್ತು. ಆದ್ದರಿಂದ ಬಾಗಿಲು ಹಾಕುವುದೇ ಅವರಿಗೆ ಬದುಕಿನ ಮೊದಲ ನಿಯಮ. ನನ್ನ ಮದುವೆಯ ದಿನ ಊಟದ ಹಾಲ್‌ನ ಎಸಿಯ ತಂಪು ಹೊರಗೆ ಹೋಗುತ್ತದೆಂದು ಇವರು ಒಳಗಿನಿಂದ ಚಿಲಕ ಹಾಕಿದ್ದರು. ಅರ್ಧ ಗಂಟೆ ಹೊರಗೆ ನಿಂತು ಬಾಗಿಲು ಬಡಿದವರಲ್ಲಿ ಮದುಮಗನೂ ಇದ್ದ!

ಷಡ್ಡಕರು ಮಾತು ಕಡಿಮೆ ಆಡುವವರು. ಅದಕ್ಕೆ ಅವರನ್ನು ದೂರುವಂತಿಲ್ಲ, ಅವರ ಹೆಂಡತಿ, ಅಂದರೆ ನನ್ನ ಅತ್ತಿಗೆ, ಅವಕಾಶವನ್ನೇ ಕೊಡುತ್ತಿರಲಿಲ್ಲ. ನಮ್ಮ ಅತ್ತೆಯವರು ಬುಟ್ಟಿ ಹೊತ್ತು ಬೀದಿಬೀದಿಯಲ್ಲಿ ಮೀನು ಮಾರಿದವರು. ಆ ಗಂಟಲು ಹಿರಿಯ ಮಗಳಿಗೆ ಹಾಗೆಯೇ ಬಂದಿತ್ತು. ಕುದ್ರೋಳಿಯ ಆ ಓಣಿಯಲ್ಲಿ ಅತ್ತಿಗೆ ಗಂಡನನ್ನು ಚಾ ಕುಡಿಯಲು ಕರೆದರೆ ನಾಲ್ಕು ಮನೆಯ ಗಂಡಸರು ಎದ್ದು ನಿಲ್ಲುತ್ತಿದ್ದರು. ಮಕ್ಕಳಿಲ್ಲದ ಮನೆ ತುಂಬಿದಂತೆ ಇದ್ದದ್ದು ಆ ಸ್ವರದಿಂದಲೇ.

ಕಳೆದ ವರ್ಷ ಆ ಸ್ವರ ಒಡೆಯಿತು. ಶೀತ ಎಂದುಕೊಂಡೆವು. ಎರಡು ತಿಂಗಳು ಕಷಾಯದಲ್ಲಿ ಕಳೆಯಿತು. ಶೀತವಾಗಿರಲಿಲ್ಲ. ಡಾಕ್ಟರರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ತೆಗೆದರು. ಕುತ್ತಿಗೆಯಲ್ಲಿ ಒಂದು ರಂಧ್ರ ಉಳಿಯಿತು. ಇನ್ನು ಉಸಿರಾಟವೆಲ್ಲ ಅದರಲ್ಲೇ.

ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಆಸ್ಪತ್ರೆಯ ವರಾಂಡದಲ್ಲಿ ಷಡ್ಡಕರು ನನ್ನನ್ನು ಪಕ್ಕಕ್ಕೆ ಕರೆದರು.

"ತೆಗೆದದ್ದನ್ನು ಎಂತ ಮಾಡಿದ್ರು?"

"ಪರೀಕ್ಷೆಗೆ ಕಳಿಸಿದ್ದಾರೆ."

"ಐಸಿನಲ್ಲಿ ಇಟ್ಟು ಕಳಿಸಿದ್ದಾರಾ? ಕೇಳಿದ್ಯಾ?"

ಮಾರಾಯರೇ, ಆ ಹೊತ್ತಿನಲ್ಲಿ ನಾನು ನಗಬೇಕಿತ್ತೋ ಅಳಬೇಕಿತ್ತೋ ನೀವೇ ಹೇಳಿ! ಕೇಳಿಲ್ಲ ಎಂದೆ. ಅವರು ತಲೆ ಆಡಿಸುತ್ತ ಹೋಗಿ ನರ್ಸಮ್ಮನನ್ನು ಹುಡುಕಿಕೊಂಡು ಇಡೀ ಮಹಡಿ ಸುತ್ತಿದರು.

ಅತ್ತಿಗೆ ಆಸ್ಪತ್ರೆಯಿಂದ ಬಂದ ಮೇಲೆ ಆ ಮನೆ ಹೇಗಾಯಿತು ಎಂದು ವಿವರಿಸುವುದು ಕಷ್ಟ. ಗೋಡೆಯ ಗಡಿಯಾರ ಸದ್ದು ಮಾಡುತ್ತದೆಂದು ನಮಗೆಲ್ಲ ತಿಳಿದದ್ದೇ ಆಗ. ಅತ್ತಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದರು. ಮೊದಮೊದಲು ಉದ್ದುದ್ದ ವಾಕ್ಯ, ಆಮೇಲೆ ಒಂದೊಂದು ಪದ, ಆಮೇಲೆ ಪೆನ್ನನ್ನೇ ಮುಟ್ಟದ ದಿನಗಳು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಒಬ್ಬ ಟೀಚರಮ್ಮ ಇದ್ದರು. ಧ್ವನಿಪೆಟ್ಟಿಗೆ ಇಲ್ಲದಿದ್ದರೂ ಗಾಳಿಯನ್ನು ಅನ್ನನಾಳಕ್ಕೆ ಎಳೆದುಕೊಂಡು ತೇಗಿನಂತೆ ಹೊರಗೆ ಬಿಟ್ಟರೆ ಒಂದು ರೀತಿಯ ಮಾತು ಬರುತ್ತದೆ ಎಂದು ಅವರು ಹೇಳಿದರು. ಆದರೆ ದಿನವೂ ಅಭ್ಯಾಸ ಬೇಕು. ದಿನವೂ ಆಸ್ಪತ್ರೆಗೆ ಹೋಗುವ ಶಕ್ತಿ ಅತ್ತಿಗೆಗೆ ಇರಲಿಲ್ಲ. "ಬೆಳಿಗ್ಗೆ ಹನ್ನೊಂದಕ್ಕೆ ಕಂಪ್ಯೂಟರಿನಲ್ಲಿ ಬನ್ನಿ, ನಾನು ವಿಡಿಯೋದಲ್ಲಿ ಕಲಿಸ್ತೇನೆ. ಮೊಬೈಲಿನಲ್ಲಿ ಬಾಯಿ ಸರಿಯಾಗಿ ಕಾಣುದಿಲ್ಲ" ಎಂದರು.

ಷಡ್ಡಕರ ಮನೆಯಲ್ಲಿ ಕಂಪ್ಯೂಟರ್ ಇತ್ತು. ಐಸ್ ಪ್ಲಾಂಟು ಮುಚ್ಚಿದಾಗ ಯಾರಿಗೂ ಬೇಡವಾಗಿ ಇವರ ಜೊತೆಗೆ ನಿವೃತ್ತಿ ಹೊಂದಿದ ಯಂತ್ರ. ಅದಕ್ಕೊಂದು ಕ್ಯಾಮರಾ ಸಿಕ್ಕಿಸಿ ಅತ್ತಿಗೆಯ ಮಂಚದ ಪಕ್ಕದಲ್ಲಿ, ಒಳಕೋಣೆಯಲ್ಲಿ ಇಡಲಾಯಿತು. ನೆಟ್ಟಿನ ತಂತಿ ಬಂದು ನಿಂತದ್ದು ಮುಂದಿನ ಚಾವಡಿಯಲ್ಲಿ. ನಡುವೆ ಎರಡು ಕೆಂಪುಕಲ್ಲಿನ ದಪ್ಪ ಗೋಡೆ. ಕೆಲಸ ನನ್ನ ಹೆಗಲಿಗೆ ಬಿತ್ತು. ನಾನು ಕೊಡಿಯಾಲ್‌ಬೈಲಿನ ಒಬ್ಬ ವಕೀಲರ ಕಚೇರಿಯಲ್ಲಿ ಅರ್ಜಿಗಳನ್ನು ಟೈಪ್ ಮಾಡುವವನು. ಆದ್ದರಿಂದ ನಮ್ಮ ಕುಟುಂಬದಲ್ಲಿ ನಾನು ಕಂಪ್ಯೂಟರ್ ತಜ್ಞ!

ಷಡ್ಡಕರು ಗೋಡೆ ಕೊರೆದು ಕಬ್ಬಿಣದ ಪೈಪ್ ಹಾಕಿ ತಂತಿ ಎಳೆಯುವುದೆಂದು ನಿರ್ಧರಿಸಿ ಟೇಪ್ ಹಿಡಿದು ಅಳೆಯುತ್ತಿದ್ದರು. ಆಗ ಅತ್ತಿಗೆ ಬಹಳ ದಿನಗಳ ನಂತರ ನೋಟ್‌ಬುಕ್ ಎಳೆದುಕೊಂಡು ಬರೆದರು: "ನನ್ನ ಮೈಯಿಂದ ತೆಗೆದ ನಳಿಕೆಗಳು ಸಾಕು. ಮಂಚದ ಹತ್ತಿರ ಇನ್ನೊಂದು ಬೇಡ."

ಷಡ್ಡಕರು ಅದನ್ನು ಎರಡು ಸಲ ಓದಿದರು. ಟೇಪ್ ಸುತ್ತಿ ಜೇಬಿಗೆ ಹಾಕಿದರು. "ತಂತಿ ಇಲ್ಲದ್ದೇ ಮಾಡುವ. ಆದ್ರೆ ಅದು ಬರುದು ಹೇಗೆ ಮಾರಾಯ?" ಎಂದು ನನ್ನನ್ನು ಕೇಳಿದರು.

"ಗಾಳಿಯಲ್ಲಿ."

"ಗಾಳಿಯಲ್ಲಿ ಬಂದದ್ದು ಗಾಳಿಯಲ್ಲೇ ಹೋಗುದಿಲ್ವಾ?"

ಕಿಟಕಿಗಳು ಮುಚ್ಚಿದ್ದು ಅವತ್ತು. ಫ್ಯಾನಿನ ರೆಕ್ಕೆ ಸಿಗ್ನಲನ್ನು ಚದುರಿಸುತ್ತದೆ ಎನ್ನುವುದು ಅವರೇ ಕಂಡುಹಿಡಿದ ವಿಜ್ಞಾನ. ಬಾಗಿಲಿನ ಕೆಳಗಿನ ಸಂದಿಗೆ ಗೋಣಿಚೀಲ ತುರುಕಿದರು. ಇನ್ನು ಮಂಜುಗಡ್ಡೆ ಕರಗದಂತೆ ಹಾಕುವ ಮರದ ಹೊಟ್ಟು ಸುರಿಯುವುದೊಂದೇ ಬಾಕಿ!

ನೆಟ್ಟಿನ ಕಂಪೆನಿಯಿಂದ ಬಂದವರು, ತಲೆ ನರೆತ ಸಮಾಧಾನದ ಮನುಷ್ಯರು, ವೈಫೈಗೆ ಒಂದು ಹೆಸರು ಇಡಬೇಕೆಂದರು. ಷಡ್ಡಕರು ಇನಿಷಿಯಲ್ ಸಮೇತ ತಮ್ಮ ಪೂರ್ತಿ ಹೆಸರು ಕೊಟ್ಟರು. ಮರುದಿನ ನಾವು ಒಳಕೋಣೆಯಲ್ಲಿ ಇರುವಾಗ ಪಕ್ಕದ ಮನೆಯ ಮೈಮೂನಾ ಬಾಗಿಲು ಬಡಿದು, ಗೋಣಿಚೀಲ ದಾಟಿ ಒಳಗೆ ಬಂದರು.

"ಅಣ್ಣಾ, ನನ್ನ ಮೊಬೈಲಿನಲ್ಲಿ ನಿಮ್ಮ ಹೆಸರು ಬರ್ತಾ ಉಂಟಲ್ಲ!"

ಷಡ್ಡಕರ ಮುಖ ಬಿಳುಚಿತು. ಹೆಂಡತಿಯ ಕಡೆ ತಿರುಗಿ, "ದೇವರಾಣೆ, ನಾನು ಇವರಿಗೆ ಎಂತದೂ ಕಳಿಸಿಲ್ಲ!" ಎಂದರು.

ಅತ್ತಿಗೆಯ ಭುಜಗಳು ಕುಲುಕತೊಡಗಿದವು. ಕುತ್ತಿಗೆಯ ಬಟ್ಟೆಯ ಹಿಂದೆ ಉಸಿರು ಬುಸುಬುಸು ಎಂದಿತು. ಉಸಿರು ಕಟ್ಟಿತೆಂದು ಷಡ್ಡಕರು ಮದ್ದಿನ ಡಬ್ಬಿಗೆ ಓಡಿದರು. ಓಡುವಾಗ ಸ್ಟೂಲಿಗೆ ಎಡವಿದರು. ಮೈಮೂನಾ ಅವರ ಕೈ ಹಿಡಿದು ನಿಲ್ಲಿಸಿ, "ಅಣ್ಣಾ, ಅಕ್ಕ ನಗ್ತಾ ಇರುದು" ಎಂದರು. ಶಬ್ದವಿಲ್ಲದ ನಗು ಹೇಗಿರುತ್ತದೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ನಾವು ಮೂವರೂ ಮಂಚದ ಸುತ್ತ ನಿಂತು ಆ ನಗುವನ್ನು ನೋಡಿದೆವು.

ನೆಟ್ಟು ಚಾವಡಿಯಲ್ಲಿ ಬಂದಿತೇನೋ ಸರಿ. ಕಂಪ್ಯೂಟರ್ ಅದನ್ನು ಹಿಡಿಯಬೇಕಲ್ಲ! ಹಳೆಯ ಯಂತ್ರಕ್ಕೆ ವೈಫೈ ಗೊತ್ತಿಲ್ಲ. ನಾನು ಹಂಪನಕಟ್ಟೆಗೆ ಹೋಗಿ ಕಿರುಬೆರಳಿನ ಉಗುರಿನಷ್ಟು ದೊಡ್ಡ, ವೈಫೈ ಹಿಡಿಯುವ ಒಂದು ತುಂಡನ್ನು ತಂದು ಹಿಂದೆ ಸಿಕ್ಕಿಸಿದೆ. ಕಂಪ್ಯೂಟರ್ ಅದನ್ನು ಗುರುತಿಸಲಿಲ್ಲ. ಡ್ರೈವರ್ ಬೇಕು ಎಂದಿತು.

"ಡ್ರೈವರ್ ಇಲ್ಲ ಅಂತೆ" ಎಂದೆ.

"ಎಲ್ಲಿದ್ದಾನೆ? ಬಜಪೆಯಲ್ಲಾದ್ರೂ ಅಡ್ಡಿಯಿಲ್ಲ, ನಾನು ರಿಕ್ಷಾ ಮಾಡಿ ಕರ್ಕೊಂಡು ಬರ್ತೇನೆ."

ಅದು ಮನುಷ್ಯನಲ್ಲ, ನೆಟ್ಟಿನಿಂದ ಇಳಿಸಿಕೊಳ್ಳಬೇಕಾದ ಒಂದು ಪ್ರೋಗ್ರಾಂ ಎಂದು ವಿವರಿಸಿದೆ. ನೆಟ್ಟು ಬರಬೇಕಾದರೆ ಡ್ರೈವರ್ ಬೇಕು; ಡ್ರೈವರ್ ಬರಬೇಕಾದರೆ ನೆಟ್ಟು ಬೇಕು. ಷಡ್ಡಕರು ನನ್ನ ಮುಖವನ್ನೇ ನೋಡಿದರು. "ಇದನ್ನು ಮಾಡಿದವನಿಗೆ ಹೆಂಡತಿ ಇಲ್ವಾ?" ಎಂದರು. ನಾನು ಮನೆಗೆ ಹೋಗಿ ಡ್ರೈವರನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದೆ. ಪರದೆಯ ಮೂಲೆಯಲ್ಲಿ ವೈಫೈ ಗುರುತು ಮೂಡಿತು. ಆದರೆ ಒಂದೇ ಗೆರೆ. ವಿಡಿಯೋದಲ್ಲಿ ಟೀಚರಮ್ಮ ಬಾಯಿ ತೆರೆದವರು ತೆರೆದ ಹಾಗೆಯೇ ಕಲ್ಲಾಗಿಬಿಟ್ಟರು.

ದಾರಿಗೆ ಅಡ್ಡ ಇದ್ದದ್ದು ಅತ್ತಿಗೆಯ ಸೀರೆಗಳ ಕಬ್ಬಿಣದ ಕಪಾಟು. ನಾನು ನಾಲ್ಕು ಜನರನ್ನು ಕರೆತರುತ್ತೇನೆ ಎಂದು ಹೇಳಿ ಕಚೇರಿಗೆ ಹೋದೆ. ಸಂಜೆ ಬರುವಾಗ ಕಪಾಟು ಅಡುಗೆಮನೆಯ ಬಾಗಿಲಲ್ಲಿತ್ತು! ಅರುವತ್ತೆಂಟು ವರ್ಷದ ಮನುಷ್ಯ ಸೀರೆಗಳನ್ನೆಲ್ಲ ಮಡಿಕೆ ಕೆಡದಂತೆ ಮಂಚದ ಮೇಲೆ ಪೇರಿಸಿ, ಖಾಲಿ ಕಪಾಟನ್ನು ಇಂಚಿಂಚಾಗಿ ನೂಕಿದ್ದರು. ಸೊಂಟ ಹಿಡಿದುಕೊಂಡು, ಪರದೆಗೆ ಬೆರಳು ತೋರಿಸಿ, "ಮೂರು ಗೆರೆ ಉಂಟು" ಎಂದರು.

ಪಾಠ ಶುರುವಾಯಿತು. ಪಾ, ಟಾ, ಕಾ. ಈ ಅಕ್ಷರಗಳಲ್ಲಿ ಗಾಳಿ ಸುಲಭವಾಗಿ ಒಳಗೆ ಹೋಗುತ್ತದಂತೆ. "ನುಂಗಿ, ಈಗ ತೇಗಿ" ಎಂದರು ಟೀಚರಮ್ಮ. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಪರರ ಎದುರು ತೇಗುವುದೇ? ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ಟೀಚರಮ್ಮ ಸೋತು, "ಅವರಿಗೆ ಮನಸ್ಸಿಲ್ಲದಿದ್ರೆ ನಿಲ್ಲಿಸುವ" ಎಂದರು.

ಆಗ ಷಡ್ಡಕರು ಕುರ್ಚಿ ಎಳೆದು ಕ್ಯಾಮರಾದ ಎದುರು ಕುಳಿತರು. ಊಟವಾದ ಮೇಲೆ ಯಾರಾದರೂ ತೇಗಿದರೆ ತಟ್ಟೆ ಬಿಟ್ಟು ಏಳುವ ಮನುಷ್ಯ ಇವರು! ಗಾಳಿ ನುಂಗಿದರು, ಕಣ್ಣು ಮುಚ್ಚಿದರು, ಮತ್ತು ಓಣಿಯ ತುದಿಗೆ ಕೇಳುವಂಥ ಒಂದು ತೇಗು ತೆಗೆದರು. ಟೀಚರಮ್ಮ ಬೆಚ್ಚಿಬಿದ್ದರು.

"ನಾನು ಮಾಡಿದೆ. ಇನ್ನು ನೀನು" ಎಂದು ಹೆಂಡತಿಗೆ ಹೇಳಿದರು.

ಅಲ್ಲಿಂದ ಮುಂದೆ ಹನ್ನೊಂದು ಗಂಟೆಗೆ ಆ ಮನೆಯಿಂದ ಬರುತ್ತಿದ್ದ ಶಬ್ದ ಕೇಳಿದವರು ಏನೆಂದುಕೊಂಡರೋ! ಅವರೊಂದು ತೇಗು, ಇವರೊಂದು ತೇಗು. ಏಳನೆಯ ವಾರ ಅತ್ತಿಗೆಯ ಬಾಯಿಂದ ಒಂದು ಪೂರ್ತಿ ಪದ ಹೊರಟಿತು. ತಳದಿಂದ ಕಲ್ಲು ಉರುಳಿಸಿದಂಥ ಒರಟು ಸ್ವರ.

"ಕಿ... ಟ... ಕಿ."

ಟೀಚರಮ್ಮ ಚಪ್ಪಾಳೆ ತಟ್ಟಿದರು: "ಭಾರೀ ಒಳ್ಳೆ ಪದ ಆರಿಸಿದ್ರಿ!" ಪದದ ಅರ್ಥ ತಿಳಿದದ್ದು ಷಡ್ಡಕರಿಗೆ ಮಾತ್ರ. ಎದ್ದು ಹೋಗಿ ಕಿಟಕಿ ತೆರೆದರು. ಸಿಗ್ನಲ್ ಮೂರು ಗೆರೆಯಲ್ಲೇ ನಿಂತಿತ್ತು. ಅವರು ಅದನ್ನೂ ನೋಡಿದರು.

ಇದು ಇಲ್ಲಿಗೇ ಮುಗಿದಿದ್ದರೆ ನಾನು ನಿಮಗೆ ನಗಿಸುವ ಕತೆಯೊಂದನ್ನು ಹೇಳಿದಂತಾಗುತ್ತಿತ್ತು. ಜುಲೈಯಲ್ಲಿ ಅತ್ತಿಗೆಗೆ ಕೆಮ್ಮು ಬಂತು. ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ಗಾಳಿ ನುಂಗುವ ಶಕ್ತಿ ಮೊದಲು ಹೋಯಿತು, ಪಾಠ ನಿಂತಿತು. ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಮೈಮೂನಾ ತಂದ ಗಂಜಿ ಎರಡು ಚಮಚ ಕುಡಿದು ಮಲಗಿದವರು ಮತ್ತೆ ಏಳಲಿಲ್ಲ. ಒಟ್ಟು ಹತ್ತೊಂಬತ್ತು ಪದ ಕಲಿತಿದ್ದರು.

ತಿಂಗಳು ಕಳೆದ ಮೇಲೆ ನನ್ನ ಹೆಂಡತಿ, "ಭಾವನ ಮನೆಯಲ್ಲಿ ಆ ನೆಟ್ಟು ಯಾರಿಗೆ? ತೆಗೆಸಿಬಿಡಿ. ಆ ಕಂಪ್ಯೂಟರ್ ನೋಡಿದರೆ ಸಂಕಟ ಆಗ್ತದೆ" ಎಂದಳು. ನಾನು ಒಂದು ಶನಿವಾರ ಬೆಳಿಗ್ಗೆ ಹೋದೆ. ಮುಂಬಾಗಿಲು ತೆರೆದಿತ್ತು. ಒಳಕೋಣೆಯಲ್ಲಿ ಷಡ್ಡಕರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಂಪ್ಯೂಟರಿನ ಎದುರು ಕುಳಿತಿದ್ದರು. ಪರದೆಯಲ್ಲಿ ಟೀಚರಮ್ಮ, ಅವರ ಪಕ್ಕದ ಚೌಕದಲ್ಲಿ ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಹೆಂಗಸು, ಐವತ್ತರ ಆಸುಪಾಸು, ಬಾಯಿಗೆ ಸೆರಗು ಒತ್ತಿ ಹಿಡಿದಿದ್ದರು.

"ನಾಚಿಕೆ ಎಂತಕ್ಕೆ ಅಕ್ಕಾ? ಇಲ್ಲಿ ಎಲ್ಲ ನಮ್ಮವರೇ. ಮೊದಲು ನಾನು ಮಾಡ್ತೇನೆ, ನೋಡಿ" ಎಂದರು ಷಡ್ಡಕರು. ಗಾಳಿ ನುಂಗಿ ತೇಗಿದರು. ಹೆಂಗಸಿನ ಕಣ್ಣು ಅರಳಿತು. ಸೆರಗು ಕೆಳಗೆ ಇಳಿಯಿತು. ಒಂದು ಸಲ ಬರಲಿಲ್ಲ, ಎರಡನೆಯ ಸಲ ಬರಲಿಲ್ಲ. ಮೂರನೆಯ ಸಲ ಆ ಒರಟು ಸ್ವರ, ಅದೇ ಆಳದಿಂದ ಉರುಳಿದ ಹಾಗೆ, ಸ್ಪೀಕರಿನಿಂದ ಕೋಣೆಗೆ ಬಂತು.

"ಪಾ."

ಟೀಚರಮ್ಮ ಚಪ್ಪಾಳೆ ತಟ್ಟಿದರು. ಷಡ್ಡಕರು ತಟ್ಟಲಿಲ್ಲ. ಅವರ ಕೈ ಮೌಸಿನ ಮೇಲೆ ತಡಕಾಡುತ್ತಿತ್ತು.

"ಸ್ವಲ್ಪ ನಿಲ್ಲಿ ಅಕ್ಕಾ, ಇಲ್ಲಿ ನೆಟ್ಟು ಸರಿ ಇಲ್ಲ, ಕ್ಯಾಮರಾ ಒಮ್ಮೆ ಬಂದ್ ಮಾಡ್ತೇನೆ" ಎಂದು ಹೇಳಿ, ಬಂದ್ ಮಾಡಿ, ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡರು.

ನಾನು ಬಾಗಿಲಲ್ಲೇ ನಿಂತೆ. ನೆಟ್ಟಿಗೆ ಏನೂ ಆಗಿರಲಿಲ್ಲ.