ಆರು ಗಂಟೆಯ ಸಂಕಟ

ಕೆನ್ನೆಗೆ ನೊರೆ ಹಚ್ಚಿಸಿಕೊಂಡವನು ಸುಮ್ಮನೆ ಕೂತಿದ್ದರೆ ಆಗಿತ್ತು. ಆದರೆ ಆ ಬೆಳಗ್ಗೆ ಕಟಿಂಗ್ ಶಾಪಿನವನು, “ಯಾಕಣ್ಣ, ಒಂಥರಾ ಇದ್ದೀಯ?” ಎಂದು ಕೇಳಿದ್ದೇ ತಡ, ಫೋಟೋ ಸ್ಟುಡಿಯೋದವನು ಬಾಯಿಬಿಟ್ಟುಬಿಟ್ಟ.

“ಸಂಜೆ ಆದ್ರೆ ಸಾಕು ಕಣೋ, ಯಾಕೋ ಮನಸ್ಸು ಕುಗ್ಗುತ್ತೆ. ಬೆಳಗ್ಗೆ ಎದ್ರೆ ಏನೂ ಇರಲ್ಲ. ಯಾರಿಗೂ ಹೇಳ್ಬೇಡ.”

“ನನ್ನ ಬಾಯಿಂದ ಹೊರಗೆ ಬಂದ್ರೆ ಕೇಳು!”

ಫೋಟೋದವನು ಹೇಳಿದ್ದು ನಿಜ. ದಿನವಿಡೀ ಕ್ಯಾಮೆರಾ ಹಿಂದೆ ನಿಂತು “ಸ್ವಲ್ಪ ನಗಿ, ಸ್ವಲ್ಪ ನಗಿ” ಎಂದು ಗಿರಾಕಿಗಳನ್ನು ಗೋಗರೆಯುತ್ತಿದ್ದವನು, ಆರರ ಹೊತ್ತಿಗೆ ಬೀದಿಯ ದೀಪಗಳು ಒಂದೊಂದೇ ಹತ್ತುವಾಗ ತಾನೇ ಮುದುಡಿಹೋಗುತ್ತಿದ್ದ. ಯಾರೋ ಎದೆಯೊಳಗಿನ ನಲ್ಲಿ ತಿರುಗಿಸಿ ಇದ್ದಬದ್ದ ಧೈರ್ಯವನ್ನೆಲ್ಲ ಹರಿಯಬಿಟ್ಟಂತೆ. ಮನೆಯಲ್ಲಿ ಯಾವ ತಾಪತ್ರಯವೂ ಇರಲಿಲ್ಲ. ಆದರೂ ಓದದೆ ಪರೀಕ್ಷೆಗೆ ಬಂದ ಹುಡುಗನ ಹಾಗೆ ಒಳಗೊಳಗೇ ಪುಕಪುಕ.

ಕಟಿಂಗ್ ಶಾಪಿನವನು ಮಾತು ಉಳಿಸಿಕೊಂಡ, ಮುಂದಿನ ಗಿರಾಕಿ ಕುರ್ಚಿಯಲ್ಲಿ ಕೂರುವವರೆಗೆ. ಆ ಗಿರಾಕಿ ಎದುರಂಗಡಿಯ ದರ್ಜಿ. “ಮನಸ್ಸು ಕುಗ್ಗುತ್ತೆ” ಎಂಬ ಮಾತು ದರ್ಜಿಯ ಕೈಯಲ್ಲಿ ಅಳತೆ ತಪ್ಪಿ “ಎದೆ ಕುಗ್ಗುತ್ತೆ” ಎಂದಾಯಿತು. ಔಷಧಿ ಅಂಗಡಿಯ ಅಕ್ಕನನ್ನು ಮುಟ್ಟುವಷ್ಟರಲ್ಲಿ “ಎದೆ ನಿಂತೇ ಹೋಗುತ್ತಂತೆ, ದಿನಾ ಸಂಜೆ!”

ಮೊದಲು ದರ್ಜಿ ಟೇಪು ಹಿಡಿದು ಸ್ಟುಡಿಯೋಗೆ ಬಂದ. ಫೋಟೋದವನು ಬೇಡ ಬೇಡವೆಂದರೂ ಎದೆಯ ಸುತ್ತ ಟೇಪು ಹಾಕಿ, “ಹೋದ ಸಲ ಶರ್ಟು ಹೊಲಿದಾಗ ಇದ್ದಷ್ಟು ಇಲ್ವಲ್ಲೋ” ಎಂದು ಲೊಚಗುಟ್ಟಿದ. ಅವನ ಹಿಂದೆಯೇ ಅಕ್ಕ ಬಿ.ಪಿ. ನೋಡುವ ಯಂತ್ರ ತಂದು ತೋಳಿಗೆ ಪಟ್ಟಿ ಬಿಗಿದಳು.

“ಸರಿಯಾಗೇ ಇದೆ,” ಎಂದಳು ಗಂಭೀರವಾಗಿ. “ನನಗೆ ಭಯ ಆಗ್ತಿರೋದೇ ಅದಕ್ಕೆ.”

ಫೋಟೋ ತೆಗೆಸಲು ಸಿಂಗರಿಸಿಕೊಂಡು ಕೂತಿದ್ದ ಮುದುಕಿಯೊಬ್ಬಳು ಇದನ್ನೆಲ್ಲ ನೋಡಿ, “ನೀನು ಮೊದ್ಲು ಹುಷಾರಾಗಪ್ಪ, ನನ್ನ ಮುಖ ಎಲ್ಲೂ ಹೋಗಲ್ಲ,” ಎಂದು ಎದ್ದು ನಡೆದಳು.

ಮಧ್ಯಾಹ್ನದ ಹೊತ್ತಿಗೆ ಹೆಂಡತಿ ಓಡಿಬಂದಳು. ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಗಂಡನದು.

“ರೀ, ದಿನಾ ಎದೆ ನಿಲ್ಲುತ್ತಂತೆ! ಬೀದಿಗೆಲ್ಲ ಹೇಳ್ತೀರಿ, ನನಗೊಂದು ಮಾತು ಹೇಳ್ಬಾರದಾ?”

“ಎದೆ ಅಲ್ಲ ಕಣೇ, ಮನಸ್ಸು.”

“ಅಯ್ಯೋ, ಮನಸ್ಸೂ ನಿಲ್ಲುತ್ತಾ?”

ಅಷ್ಟರಲ್ಲಿ ಕಟಿಂಗ್ ಶಾಪಿನವನೂ ಬಂದು ಸೇರಿದ. ಸಂಜೆ ಡಾಕ್ಟರ ಬಳಿ ಕರೆದೊಯ್ಯುವುದೆಂದು ನಾಲ್ವರೂ ತೀರ್ಮಾನಿಸಿದರು. ಅವನನ್ನು ಯಾರೂ ಕೇಳಲಿಲ್ಲ. ಸಂಜೆಯಾಗುತ್ತಲೇ ಕಟಿಂಗ್ ಶಾಪಿನವನು ಸ್ಟುಡಿಯೋದ ಷಟರ್ ಎಳೆದ, ದರ್ಜಿ ಒಂದು ತೋಳು ಹಿಡಿದ, ಅಕ್ಕ ಇನ್ನೊಂದು. ಬೀದಿಯುದ್ದಕ್ಕೂ ಜನ “ಏನಾಯ್ತು?” ಎಂದು ಕೇಳುವುದು, ಅಕ್ಕ ಮೊದಲಿಂದ ಕತೆ ಹೇಳುವುದು. ಕಳ್ಳನನ್ನು ಠಾಣೆಗೆ ಎಳೆದೊಯ್ಯುವಾಗಲೂ ಇಷ್ಟು ನಿಂತು ನಿಂತು ಹೋಗುವುದಿಲ್ಲ. ಫೋಟೋದವನಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು, ಸಿಟ್ಟಿನಿಂದ ಹಲ್ಲು ಕಟಕಟ ಎಂದವು.

ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ತಲೆಯೆತ್ತಿದರೆ, ಗಡಿಯಾರದಲ್ಲಿ ಆರು ದಾಟಿತ್ತು. ಹೊರಗೆ ದೀಪ ಹತ್ತಿದ್ದವು. ಅವನು ಎದೆಯೊಳಗೆಲ್ಲ ಹುಡುಕಿದ. ಸಂಕಟ ಎಲ್ಲೂ ಇಲ್ಲ! ಸಿಟ್ಟು ಅಲ್ಲಿ ಅಷ್ಟಗಲ ಕಾಲು ಚಾಚಿ ಕೂತಿದ್ದರಿಂದ ಅದಕ್ಕೆ ಜಾಗವೇ ಸಿಕ್ಕಿರಲಿಲ್ಲ.

“ಲೇ, ನಾನು ಸರಿಹೋದೆ! ನಡೀರಿ ಮನೆಗೆ!”

“ಜಾಸ್ತಿ ಆದಾಗ ಹೀಗೇ ಅನ್ನೋದು,” ಎಂದು ಅಕ್ಕ ಅವನನ್ನು ಒಳಗೆ ತಳ್ಳಿದಳು.

ಡಾಕ್ಟರು ಐವತ್ತು ದಾಟಿದವರು, ಬಿಗುಮುಖದವರು. ಅವನು ಹೇಳಿದ್ದನ್ನೆಲ್ಲ ಕೇಳಿ, ಮೆಲ್ಲಗೆ ಎದ್ದು ಬಾಗಿಲ ಚಿಲಕ ಹಾಕಿದರು.

“ದೀಪ ಹತ್ತೋ ಹೊತ್ತಿಗೇ ಬರುತ್ತಾ?”

“ಹೌದು ಸಾರ್.”

“ಕಾರಣವೇ ಇಲ್ದೆ? ಯಾರಾದ್ರೂ ಪಕ್ಕದಲ್ಲಿ ಇರಬಾರದಾ ಅನ್ಸುತ್ತೆ, ಯಾರಾದ್ರೂ ಬಂದ್ರೆ ಎದ್ದು ಹೋಗಬಾರದಾ ಅನ್ಸುತ್ತೆ?”

“ಸಾರ್, ನಿಮಗೆ ಹೇಗೆ ಗೊತ್ತಾಯ್ತು?”

ಡಾಕ್ಟರು ಕನ್ನಡಕ ತೆಗೆದರು. ಕಣ್ಣು ತುಂಬಿಬಂದಿತ್ತು. “ನನಗೂ ಅದೇ ಕಣಪ್ಪ. ಸಂಜೆ ಕ್ಲಿನಿಕ್ ತೆಗೆಯೋದೇ ಅದಕ್ಕೆ, ನಾಲ್ಕು ಜನರ ಮುಖ ಕಾಣ್ಲಿ ಅಂತ. ಡಾಕ್ಟರ್ ಆಗಿ ಯಾರ ಹತ್ರ ಹೇಳ್ಕೊಳ್ಳಲಿ?”

ಹಾಗೆಂದವರು ಹಾಸ್ಟೆಲಿನ ಸಂಜೆಗಳಿಂದ ಶುರುಮಾಡಿ ಮನಸ್ಸಿನಲ್ಲಿದ್ದುದನ್ನೆಲ್ಲ ತೋಡಿಕೊಂಡರು. ಫೋಟೋದವನು ಅವರ ಬೆನ್ನು ಸವರಿದ, ನೀರು ಕುಡಿಸಿದ, ಕೊನೆಗೆ ಅಭ್ಯಾಸಬಲದಿಂದ “ಸ್ವಲ್ಪ ನಗಿ ಸಾರ್” ಎಂದ. ಅವರು ನಕ್ಕೇಬಿಟ್ಟರು.

“ಎಷ್ಟು ಹಗುರ ಆಯ್ತಪ್ಪ! ಇದು ಹೊರಗೆ ಹೋಗಬಾರದು. ಆಣೆ ಮಾಡು.”

ಅವನು ಆಣೆ ಮಾಡಿದ. ತನ್ನ ಗುಟ್ಟಿಗೆ ಏನಾಯಿತೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬಾಗಿಲು ತೆರೆಯಿತು. ಡಾಕ್ಟರ ಮುಖ ಮತ್ತೆ ಬಿಗಿಯಾಗಿತ್ತು.

“ಗಾಬರಿ ಏನಿಲ್ಲಮ್ಮ. ಆದ್ರೆ ದಿನಾ ಸಂಜೆ ಇದೇ ಹೊತ್ತಿಗೆ ಕರ್ಕೊಂಡು ಬನ್ನಿ. ಒಂದು ದಿನಾನೂ ತಪ್ಪಿಸಬೇಡಿ.”

“ದಿನಾನಾ? ಎಲ್ಲಿವರೆಗೆ ಡಾಕ್ಟ್ರೇ?”

“ಹೇಳಕ್ಕಾಗಲ್ಲಮ್ಮ. ಇದು ಮೂವತ್ತು ವರ್ಷದ ಹಳೇ ಕಾಯಿಲೆ,” ಎಂದು ನಿಟ್ಟುಸಿರುಬಿಟ್ಟರು ಡಾಕ್ಟರು.

ದರ್ಜಿ ಟೇಪನ್ನು ಮೆಲ್ಲಗೆ ಜೇಬಿಗಿಳಿಸಿದ. ಹೆಂಡತಿ ಗಂಡನ ಕಡೆ ತಿರುಗಿದಳು.

“ಮೂವತ್ತು ವರ್ಷ! ಅಂದ್ರೆ ಮದುವೆಗೂ ಮುಂಚಿಂದ! ಕಾಯಿಲೆ ಮುಚ್ಚಿಟ್ಟು ನನ್ನ ಕಟ್ಕೊಂಡ್ರಾ?”

ಫೋಟೋದವನು ಬಾಯಿ ತೆರೆದ. ಅವಳ ಹೆಗಲಾಚೆ ಡಾಕ್ಟರು ಬಾಗಿಲ ಚೌಕಟ್ಟು ಹಿಡಿದು, ಮಗುವಿನಂಥ ಕಣ್ಣಿನಲ್ಲಿ ಅವನನ್ನೇ ನೋಡುತ್ತಿದ್ದರು.

“ಹೂಂ ಕಣೇ,” ಎಂದ.